ಪಟ್ಟಿ ಊರ ಮುಂದೆ ಓದಬೇಕು

(ಗ್ರಾಮ ಪಂಚಾಯ್ತಿ ಸದಸ್ಯತ್ವದ ಅವಧಿ ಮುಗಿದ ಮೇಲೆ ರೈತ ಕಾರ್ಯಕರ್ತರೊಬ್ಬರು ತಮ್ಮೂರ ಅರಳಿಕಟ್ಟೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



2020ರ ಡಿಸೆಂಬರಿನಲ್ಲಿ ನೀವು ಓಟು ಕೊಟ್ಟು ನನ್ನನ್ನು ಪಂಚಾಯ್ತಿಗೆ ಕಳಿಸಿದಿರಿ. ಐದು ವರ್ಷ ಮುಗಿಯಿತು. ಓಟು ಕೇಳೋಕೆ ಮನೆಮನೆ ಬಾಗಿಲಿಗೆ ಬರೋ ಮನುಷ್ಯ, ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸೋಕೆ ಬಂದದ್ದನ್ನ ನಮ್ಮೂರು ಕಂಡಿಲ್ಲ. ಗೌಡಿಕೆ ಹೋಯಿತು, ಶಾನುಭೋಗಿಕೆ ಹೋಯಿತು, ಆದರೆ ಲೆಕ್ಕ ಮುಚ್ಚಿಡೋ ಚಾಳಿ ಮಾತ್ರ ಹೋಗಲಿಲ್ಲ. ಅದಕ್ಕೇ ಇವತ್ತು ನಿಮ್ಮನ್ನೆಲ್ಲ ಕರೆದದ್ದು.

ಚರಂಡಿ, ಬೀದಿದೀಪ, ಕುಡಿಯುವ ನೀರಿನ ಲೆಕ್ಕವನ್ನು ಬಿಳಿ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೀನಿ. ಯಾವ ಕೆಲಸ, ಎಷ್ಟು ಹಣ, ಯಾರು ಮಾಡಿದರು, ಎಲ್ಲ ಇದೆ. ಓದಿಕೊಳ್ಳಿ, ತಪ್ಪು ಕಂಡರೆ ಇಲ್ಲೇ ಕೇಳಿ. ಒಂದು ಮಾತು ಮಾತ್ರ ತಿಳಿದಿರಲಿ. 15ನೇ ಹಣಕಾಸು ಆಯೋಗದಿಂದ 2021ರಿಂದ ಬಂದ ಅನುದಾನದಲ್ಲಿ ನೂರಕ್ಕೆ ಅರವತ್ತು ರೂಪಾಯಿ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ದೆಹಲಿಯಲ್ಲೇ ತೀರ್ಮಾನ ಮಾಡಿ ಕಳಿಸಿದ್ದರು. ಊರಿಗೆ ಏನು ಬೇಕು ಅಂತ ಊರೇ ತೀರ್ಮಾನಿಸೋಕೆ ಉಳಿದದ್ದು ನಲವತ್ತು. "ಮೆಂಬರು ಹೊಲದ ದಾರಿ ಮಾಡಿಸಲಿಲ್ಲ" ಅಂತ ಬೈಯೋರು ಈ ಲೆಕ್ಕವನ್ನೂ ನೋಡಬೇಕು.

ನಾನು ಇವತ್ತು ಮುಖ್ಯವಾಗಿ ಹೇಳಬೇಕಾದ್ದು ಬರ ಪರಿಹಾರದ ವಿಚಾರ. ಸರ್ಕಾರದಿಂದ ಲೆಕ್ಕ ಕೇಳೋದು ಅಂದರೇನು ಅಂತ ನಮ್ಮೂರಿಗೆ ಅರ್ಥವಾದದ್ದು ಅದರಿಂದಲೇ.

2023ರ ಮುಂಗಾರು ನಿಮಗೆಲ್ಲ ನೆನಪಿದೆ. ರಾಗಿ ಹೊಲದಲ್ಲೇ ಒಣಗಿತು. ರಾಜ್ಯ ಸರ್ಕಾರ ಆ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿತು. ಆಮೇಲೆ ಸೇರಿಸುತ್ತಾ ಹೋಗಿ 236ರಲ್ಲಿ 223 ತಾಲ್ಲೂಕು ಆಯಿತು. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಟ್ಟಲೆ ಕಾದು, 2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ಏಪ್ರಿಲ್ ಕೊನೆಗೆ ಸಿಕ್ಕಿದ್ದು ಸುಮಾರು 3,454 ಕೋಟಿ. ನಡುವೆ ರಾಜ್ಯ ಸರ್ಕಾರ ತನ್ನ ಕೈಯಿಂದ ಒಬ್ಬೊಬ್ಬ ರೈತನಿಗೆ 2,000 ರೂಪಾಯಿವರೆಗೆ ಮೊದಲ ಕಂತು ಅಂತ ಕೊಟ್ಟಿತು. ಅವರು ಇವರ ಮೇಲೆ ಹೇಳಿದರು, ಇವರು ಅವರ ಮೇಲೆ ಹೇಳಿದರು. ಬೆಳೆ ಹೋದದ್ದು 2023ರಲ್ಲಿ, ಹಣದ ಮುಖ ಕಂಡದ್ದು 2024ರ ಬೇಸಿಗೆಯಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಸೊಸೈಟಿ ಸಾಲದ ಕಂತು ನಿಂತಿತ್ತೇ? ಕೈಸಾಲದ ಬಡ್ಡಿ ನಿಂತಿತ್ತೇ?

ಇನ್ನು ಕೊಟ್ಟದ್ದು ಎಷ್ಟು? ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಹೆಕ್ಟೇರು ಆಫೀಸಿನವರ ಭಾಷೆ. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ಸುಮಾರು 3,440 ರೂಪಾಯಿ, ಗುಂಟೆಗೆ 86 ರೂಪಾಯಿ. ಆ ವರ್ಷ ಅದೇ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 3,846. ಅಂದರೆ ಒಂದು ಎಕರೆ ರಾಗಿ ಪೂರ್ತಿ ಹಾಳಾದರೆ ಸಿಗೋದು ಒಂದು ಕ್ವಿಂಟಾಲ್ ರಾಗಿಯ ಬೆಲೆಗಿಂತಲೂ ಕಡಿಮೆ! ಉಳುಮೆ, ಬೀಜ, ಗೊಬ್ಬರ, ಕಳೆ ಕೂಲಿ ಯಾವುದಕ್ಕೂ ಇದು ಸಾಲದು. ಇದಕ್ಕೆ ಪರಿಹಾರ ಅನ್ನೋ ಹೆಸರೇ ಸಲ್ಲದು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡ ಅನ್ನೋ ಹಾಗೆ, ಆ ಚೂರೂ ಎಲ್ಲರ ಕೈಗೆ ಬರಲಿಲ್ಲ. ಒಂದೇ ಬದುವಿನ ಈ ಕಡೆಯವನಿಗೆ ಬಂತು, ಆ ಕಡೆಯವನಿಗೆ ಇಲ್ಲ. ಯಾಕೆ ಅಂತ ಕೇಳಿದರೆ "ಕಂಪ್ಯೂಟರಿನಲ್ಲಿ ಬಂದಿಲ್ಲ" ಅನ್ನೋ ಒಂದೇ ಉತ್ತರ. ಕಂಪ್ಯೂಟರಿಗೆ ನಾವು ಓಟು ಹಾಕಿದ್ದೀವಾ?

ಪಂಚಾಯ್ತಿ ಸಭೆಯಲ್ಲಿ ಈ ಮಾತೆತ್ತಿದಾಗ "ಇದು ಕಂದಾಯ ಇಲಾಖೆ ವಿಷಯ, ಪಂಚಾಯ್ತಿಗೆ ಸೇರಿದ್ದಲ್ಲ" ಅಂದರು. ತಾಲ್ಲೂಕು ಕಚೇರಿಗೆ ಹೋದರೆ "ಪಟ್ಟಿ ಆನ್‌ಲೈನಿನಲ್ಲಿದೆ, ನೋಡಿಕೊಳ್ಳಿ" ಅಂದರು. ನೋಡಿದೆವು. ಹಣ ಹೋದವರ ಹೆಸರು ಅಲ್ಲಿತ್ತು. ಬಿಟ್ಟುಹೋದವರು ಯಾರು, ಯಾಕೆ ಬಿಟ್ಟುಹೋದರು ಅನ್ನೋದು ಎಲ್ಲೂ ಇರಲಿಲ್ಲ. ನಮಗೆ ಬೇಕಾಗಿದ್ದದ್ದು ಅದೇ.

ಆಗ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. 2005ರ ಆ ಕಾಯಿದೆಯ ಪ್ರಕಾರ 30 ದಿನದೊಳಗೆ ಉತ್ತರ ಕೊಡಬೇಕು. ಕೊಡಲಿಲ್ಲ. ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದ ಮೇಲೆ ಕಾಗದ ಬಂತು. ಸರ್ವೆ ನಂಬರುವಾರು ಬೆಳೆ ಸಮೀಕ್ಷೆಯಲ್ಲಿ ಏನು ಬರೆದಿದ್ದಾರೆ, ಯಾರ ಎಫ್‌ಐಡಿ ಆಗಿಲ್ಲ, ಯಾರ ಹಣ ಖಾತೆಗೆ ಹೋಗದೆ ವಾಪಸಾಗಿದೆ, ಎಲ್ಲ ಬಂತು.

ಆ ಪಟ್ಟಿಯನ್ನು ಇದೇ ಕಟ್ಟೆ ಮೇಲೆ ನಿಂತು ಓದಿದೆವು. ಓದುತ್ತಾ ಹೋದ ಹಾಗೆ ಊರೇ ತಿದ್ದುತ್ತಾ ಹೋಯಿತು. "ಅದು ಬೀಳು ಅಂತ ಬರೆದಿದ್ದಾರಲ್ಲ, ಅಲ್ಲಿ ರಾಗಿ ಇತ್ತು, ನಾನೇ ಕುಂಟೆ ಹೊಡೆದಿದ್ದೆ" ಅಂತ ಒಬ್ಬರು. "ಆ ಪಹಣಿ ಇನ್ನೂ ಸತ್ತ ತಾತನ ಹೆಸರಲ್ಲೇ ಇದೆ, ಉಳೋದು ಮೊಮ್ಮಗ" ಅಂತ ಇನ್ನೊಬ್ಬರು. ಗಂಡ ತೀರಿಕೊಂಡು ಪೌತಿ ಖಾತೆ ಆಗದ ತಾಯಿ ಒಬ್ಬರು, "ಸಾಲ ಕಟ್ಟು ಅಂತ ನೋಟೀಸು ಬರೋವಾಗ ನನ್ನ ಹೆಸರು ಗೊತ್ತಿರುತ್ತೆ, ಪರಿಹಾರ ಕೊಡೋವಾಗ ಮಾತ್ರ ಗೊತ್ತಿರಲ್ವಾ?" ಅಂತ ಕೇಳಿದರು. ಯಾರಿಗೂ ಉತ್ತರ ಹೊಳೆಯಲಿಲ್ಲ.

ಆಫೀಸಿನಲ್ಲಿ ಕೂತವನಿಗೆ ಕಾಣೋದು ನಂಬರು. ಊರಿಗೆ ಕಾಣೋದು ಹೊಲ. ಒಬ್ಬೊಬ್ಬರೇ ಹೋದಾಗ "ನಾಳೆ ಬಾ" ಅಂದಿದ್ದ ಕಚೇರಿ, ಊರಿನವರೆಲ್ಲ ಸಹಿ ಮಾಡಿದ ಅರ್ಜಿ ಹಿಡಿದು ಹೋದಾಗ ಕುರ್ಚಿ ಕೊಟ್ಟು ಕೂರಿಸಿತು. ಕೆಲವರದ್ದು ಸರಿಹೋಯಿತು. ಎಲ್ಲರದ್ದೂ ಆಯಿತು ಅಂತ ನಾನು ಹೇಳಲ್ಲ. ಪಹಣಿ ಸತ್ತವರ ಹೆಸರಲ್ಲಿದ್ದ ಮನೆಗಳಿಗೆ ಆ ವರ್ಷದ ಹಣ ಬರಲೇ ಇಲ್ಲ.

ಬಂದ ಹಣಕ್ಕೂ ಇನ್ನೊಂದು ಗಂಡಾಂತರ ಇತ್ತು. ಒಂದು ಬ್ಯಾಂಕಿನವರು ಪರಿಹಾರದ ಹಣವನ್ನು ಹಳೇ ಸಾಲಕ್ಕೆ ಜಮಾ ಮಾಡಿಕೊಂಡರು. ಇದು ನಮ್ಮೂರೊಂದರ ಕತೆಯಲ್ಲ. ಪರಿಹಾರದ ಹಣವನ್ನು ಸಾಲಕ್ಕೆ ಮುರಿದುಕೊಳ್ಳಬೇಡಿ ಅಂತ 2024ರಲ್ಲಿ ಸರ್ಕಾರವೇ ಬ್ಯಾಂಕುಗಳಿಗೆ ತಾಕೀತು ಮಾಡಬೇಕಾಯಿತು. ಆ ಆದೇಶದ ನಕಲು ಹಿಡಿದು ಹೋದವರಿಗೆ ಹಣ ವಾಪಸ್ ಬಂತು. ಸುಮ್ಮನೆ ಬೈದುಕೊಂಡು ಮನೆಗೆ ಬಂದವರದ್ದು ಸಾಲದ ಲೆಕ್ಕದಲ್ಲೇ ಉಳಿಯಿತು.

ಬಾಂಧವರೆ, ಗ್ರಾಮಸಭೆ ಇರೋದು ಇದಕ್ಕೇ. 1993ರ ಪಂಚಾಯತ್ ರಾಜ್ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಮಾಡಿ ಗ್ರಾಮ ಸ್ವರಾಜ್ ಅನ್ನೋ ದೊಡ್ಡ ಹೆಸರು ಸೇರಿಸಿದರು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು, ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇರಬೇಕು ಅಂತ ಕಾನೂನು. ನಡೆಯೋದು ಹೇಗೆ? ಒಂದು ಟೀ, ಒಂದು ಬೋಂಡ, ಒಂದು ಪುಸ್ತಕ. ಬರದವರ ಮನೆಗೆ ಪುಸ್ತಕವೇ ಹೋಗಿ ಸಹಿ ಹಾಕಿಸಿಕೊಂಡು ಬರುತ್ತೆ. ದಯವಿಟ್ಟು ಆ ಸಹಿ ಹಾಕಬೇಡಿ. ಸಭೆಗೆ ಬರದೆ ಹಾಕಿದ ಸಹಿ, ನೋಡದೆ ಒತ್ತಿದ ಸಾಲಪತ್ರದ ಹೆಬ್ಬೆಟ್ಟಿಗೆ ಸಮ.

ಮೇಲಿನ ಮಟ್ಟದ ಕತೆ ಇನ್ನೂ ಕೆಟ್ಟದ್ದು. ನಜೀರ್ ಸಾಬರ ಕಾಲದಲ್ಲಿ, 1987ರ ಜನವರಿಯಲ್ಲಿ, ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯ್ತಿಗೂ ಚುನಾವಣೆ ನಡೆದಾಗ ಅಧಿಕಾರ ಹಳ್ಳಿಗೆ ಬಂತು ಅಂತ ನಮ್ಮ ಹಿರಿಯರು ಸಂಭ್ರಮಪಟ್ಟಿದ್ದರು. ಈಗ ನೋಡಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ಆಡಳಿತ ನಡೆಯಿತು. ಈ ನಡುವೆ ಸರ್ಕಾರದ ಪಕ್ಷ ಬದಲಾಯಿತು, ಈ ಚಾಳಿ ಬದಲಾಗಲಿಲ್ಲ. ಸದಸ್ಯನೇ ಇಲ್ಲದ ಕಡೆ ರೈತ ಯಾರ ಕೊರಳಪಟ್ಟಿ ಹಿಡಿದು ಲೆಕ್ಕ ಕೇಳಬೇಕು?

ಕೊನೆಗೆ, ಮಾಡಬೇಕಾದ ಕೆಲಸ ಹೇಳಿ ಮುಗಿಸ್ತೀನಿ.

ಒಂದು, ಪಹಣಿ ಇನ್ನೂ ತಾತ-ಮುತ್ತಾತನ ಹೆಸರಲ್ಲಿದ್ದರೆ ಈ ಬೇಸಿಗೆಯೊಳಗೆ ಪೌತಿ ಖಾತೆ ಮಾಡಿಸಿ. ಅಣ್ಣ-ತಮ್ಮಂದಿರ ಜಗಳ ಇದ್ದರೆ ಕೂತು ಬಗೆಹರಿಸಿಕೊಳ್ಳಿ. ಮುಂದಿನ ಬರ ನಿಮ್ಮ ಪಾಲುಪಟ್ಟಿ ಆಗೋವರೆಗೆ ಕಾಯೋದಿಲ್ಲ.

ಎರಡು, ಬೆಳೆ ಸಮೀಕ್ಷೆ ನಡೆಯೋವಾಗ ಹೊಲದಲ್ಲಿ ನೀವೇ ಇರಿ. ಏನು ಬರೆದರು ಅಂತ ನೋಡಿ, ತಪ್ಪಿದ್ದರೆ ಆಗಲೇ ತಕರಾರು ಕೊಡಿ.

ಮೂರು, ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಅಂತ ಕೇಳಿ ತಿಳಿದುಕೊಳ್ಳಿ. ಹಣ ಹೋಗೋದು ಆ ಖಾತೆಗೇ.

ನಾಲ್ಕು, ಯಾವ ಅರ್ಜಿ ಕೊಟ್ಟರೂ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಅರ್ಜಿಗೆ ಸಾಕ್ಷಿ ಇಲ್ಲ.

ಐದು, ಇನ್ನು ಮುಂದೆ ಸದಸ್ಯರಾಗಿ ಯಾರೇ ಗೆದ್ದು ಬರಲಿ, ಪರಿಹಾರದ ಪಟ್ಟಿ, ಮನೆ ಹಂಚಿಕೆ ಪಟ್ಟಿ, ಪಂಚಾಯ್ತಿ ಆಡಿಟ್ ವರದಿ, ಈ ಮೂರನ್ನೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಓದಿಸ್ತೀನಿ ಅಂತ ಓಟು ಕೇಳೋ ಮುಂಚೆ ಈ ಕಟ್ಟೆ ಮೇಲೆ ನಿಂತು ಮಾತು ಕೊಡಬೇಕು. ಕೊಡದವರಿಗೆ, ಅವರು ನಮ್ಮ ನೆಂಟರಾಗಲಿ ನಮ್ಮ ಜಾತಿಯವರೇ ಆಗಲಿ, ಓಟು ಇಲ್ಲ.

ನನ್ನ ಲೆಕ್ಕ ಗೋಡೆ ಮೇಲಿದೆ. ಈಗ ನಿಮ್ಮ ಪ್ರಶ್ನೆ ಕೇಳಿ. ಹೆಣ್ಣುಮಕ್ಕಳು ಮೊದಲು ಕೇಳಲಿ, ಗಂಡಸರು ಆಮೇಲೆ.