ಹಳೆ ಲಾರಿಯ ರಿಂಗ್ ಇರುವ ಚಕ್ರ: ಉಪಯೋಗ ಎಷ್ಟು, ಅಪಾಯ ಎಲ್ಲಿ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ದೊಡ್ಡ ಭಾಷಣಗಾರ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವನು. ಸಾಲ, ಬಡ್ಡಿ, ಠೇವಣಿ, ಗೊಬ್ಬರ ಇವುಗಳ ಬಗ್ಗೆ ಮಾತಾಡಲು ನನಗಿಂತ ತಿಳಿದವರು ಈ ಸಭೆಯಲ್ಲಿ ಇದ್ದಾರೆ. ಹಾಗಾಗಿ ನನಗೆ ಕೊಟ್ಟ ಸಮಯದಲ್ಲಿ ಲಾರಿಯ ಚಕ್ರದ ವಿಷಯ ಮಾತಾಡುತ್ತೇನೆ. ಸಹಕಾರಿ ಸಂಘಕ್ಕೂ ಲಾರಿಯ ಚಕ್ರಕ್ಕೂ ಎಂತ ಸಂಬಂಧ ಅಂತ ಕೆಲವರು ನಗಬಹುದು. ಸಂಬಂಧ ಉಂಟು.

ನಮ್ಮ ಉಚ್ಚಿಲ ಹೆದ್ದಾರಿಯ ಬದಿಯ ಊರು. ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಅಂತ ಇದ್ದದ್ದು ಈಗ 66 ಆಗಿದೆ. ಪಡುಬಿದ್ರಿಯಿಂದ ಕಾಪುವಿಗೆ ಹೋಗುವ ವಾಹನಗಳೆಲ್ಲ ನಮ್ಮ ಎದುರೇ ಹೋಗಬೇಕು. ನಮ್ಮ ಗದ್ದೆಗೆ ಬರುವ ಗೊಬ್ಬರ, ಮನೆ ಕಟ್ಟಲು ಬರುವ ಕೆಂಪು ಕಲ್ಲು, ಇಲ್ಲಿಂದ ಹೋಗುವ ತೆಂಗಿನಕಾಯಿ, ಮಲ್ಪೆಯಿಂದ ಹೊರಡುವ ಮೀನು, ಎಲ್ಲವೂ ಲಾರಿಯ ಮೇಲೆಯೇ. ನಮ್ಮ ಊರುಗಳಲ್ಲಿ ಹಳೆ ಲಾರಿ, ಟಿಪ್ಪರ್ ಇಟ್ಟುಕೊಂಡವರು ಇದ್ದಾರೆ. ಡ್ರೈವರ್, ಕ್ಲೀನರ್ ಆಗಿ ದುಡಿಯುವವರು ಇದ್ದಾರೆ. ಪಂಕ್ಚರ್ ಅಂಗಡಿ ಇಟ್ಟು ಸಂಸಾರ ಸಾಗಿಸುವವರೂ ಇದ್ದಾರೆ. ನಾನು ಹೇಳುವ ವಿಷಯ ಇವರ ಜೀವಕ್ಕೆ ಸಂಬಂಧಪಟ್ಟದ್ದು.

ಹಳೆ ಲಾರಿಯ ಚಕ್ರವನ್ನು ಹತ್ತಿರ ಹೋಗಿ ನೋಡಿ. ಟಯರು ಕೂರುವ ಕಬ್ಬಿಣದ ಡಿಸ್ಕ್ ಒಂದೇ ತುಂಡಿನದ್ದಲ್ಲ. ಅದರ ಒಂದು ಅಂಚು ಖಾಯಂ ಆಗಿ ಉಂಟು. ಇನ್ನೊಂದು ಬದಿ ಬೋಳು. ಆ ಬದಿಯಿಂದ ಟಯರು, ಟ್ಯೂಬು, ಫ್ಲಾಪು ಒಳಗೆ ತೂರಿಸಿ, ಮೇಲಿಂದ ಒಂದು ಕಬ್ಬಿಣದ ರಿಂಗ್ ಹಾಕಿ, ಡಿಸ್ಕಿನ ಕಚ್ಚಿನಲ್ಲಿ ಕೂರಿಸುತ್ತಾರೆ. ಕೆಲವು ಚಕ್ರಗಳಲ್ಲಿ ಅಗಲದ ರಿಂಗ್ ಒಂದು, ಅದನ್ನು ಹಿಡಿಯುವ ಲಾಕ್ ರಿಂಗ್ ಇನ್ನೊಂದು, ಹೀಗೆ ಎರಡು ಇರುತ್ತವೆ. ಇದಕ್ಕೆ ಸ್ಪ್ಲಿಟ್ ರಿಮ್ ಅಂತ ಹೆಸರು. ಇಲ್ಲಿ ಬೋಲ್ಟು, ನಟ್ಟು ಯಾವುದೂ ರಿಂಗನ್ನು ಹಿಡಿದಿಲ್ಲ. ಗಾಳಿ ತುಂಬಿದಾಗ ಟಯರು ಹೊರಗೆ ಒತ್ತುತ್ತದೆ, ಆ ಒತ್ತಡಕ್ಕೆ ರಿಂಗ್ ಕಚ್ಚಿನಲ್ಲಿ ಬಿಗಿಯಾಗುತ್ತದೆ. ಸರಿಯಾಗಿ ಕೂತರೆ ವರ್ಷಗಟ್ಟಲೆ ಅಲುಗುವುದಿಲ್ಲ. ಸರಿಯಾಗಿ ಕೂರದಿದ್ದರೆ ಅದೇ ಗಾಳಿ ರಿಂಗನ್ನು ಎತ್ತಿ ಎಸೆಯುತ್ತದೆ.

ಇಂಥ ಚಕ್ರ ಯಾಕೆ ಮಾಡಿದರು ಅಂತ ಕೇಳಬಹುದು. ಟೆಲ್ಕೋ ಕಂಪೆನಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಸೇರಿ 1954ರಲ್ಲಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿತು. ಆ ಒಪ್ಪಂದ 1969ರಲ್ಲಿ ಮುಗಿದರೂ ನಮ್ಮ ಹಿರಿಯರ ಬಾಯಲ್ಲಿ ಅದು ಬೆಂಜ್ ಲಾರಿಯೇ. ಆ ಕಾಲದ ಲಾರಿ ಟಯರು ಬಹಳ ಗಡಸು. ಸೈಕಲ್ ಟಯರಿನ ಹಾಗೆ ಅಂಚು ಎಬ್ಬಿಸಿ ಒಂದೇ ತುಂಡಿನ ಡಿಸ್ಕಿಗೆ ಹಾಕಲು ಸುಲಭದಲ್ಲಿ ಆಗುವುದಿಲ್ಲ. ರಿಂಗ್ ಇದ್ದರೆ ಎರಡು ಲಿವರ್, ಒಂದು ಸುತ್ತಿಗೆ ಸಾಕು. ಘಾಟಿಯ ನಡುವೆ ಪಂಕ್ಚರ್ ಆದರೂ ಡ್ರೈವರ್, ಕ್ಲೀನರ್ ಇಬ್ಬರೇ ಬಿಚ್ಚಿ, ಟ್ಯೂಬಿಗೆ ಪ್ಯಾಚ್ ಹಾಕಿ ಮುಂದೆ ಹೋಗಬಹುದು. ಮೆಷಿನ್ ಬೇಡ, ಕರೆಂಟ್ ಬೇಡ. ನಮ್ಮಂಥ ದೇಶಕ್ಕೆ ಇದು ದೊಡ್ಡ ಉಪಕಾರ ಮಾಡಿದ ಚಕ್ರ. ಅದನ್ನು ನಾನು ಬೈಯಲು ಬಂದಿಲ್ಲ.

ಆದರೆ ಅದರೊಳಗೆ ಇರುವ ಶಕ್ತಿ ಎಷ್ಟು ಅಂತ ಒಂದು ಲೆಕ್ಕ ಹಾಕುವ. 9.00-20 ಟಯರಿನ ಹೊರಗಿನ ಅಡ್ಡಳತೆ ಸುಮಾರು 40 ಇಂಚು, ಡಿಸ್ಕಿನದ್ದು 20 ಇಂಚು. ಒಂದು ಬದಿಯ ವಿಸ್ತಾರ 900 ಚದರ ಇಂಚಿಗೆ ಮೇಲೆ ಬರುತ್ತದೆ. 100 ಪೌಂಡ್ ಗಾಳಿ ಅಂದರೆ ಒಂದೊಂದು ಚದರ ಇಂಚಿಗೂ 100 ಪೌಂಡ್ ಭಾರ. ಒಟ್ಟು 90,000 ಪೌಂಡ್, ಅಂದರೆ 40 ಟನ್. ಅದರಲ್ಲಿ ಅರ್ಧ ಮಾತ್ರ ರಿಂಗಿನ ಮೇಲೆ ಬೀಳುತ್ತದೆ ಅಂತ ಹಿಡಿದರೂ 20 ಟನ್ ಆಯಿತು. ಹತ್ತು ಟನ್ ಲೋಡಿನ ಎರಡು ಲಾರಿಯ ಸಾಮಾನು ಒಂದು ಕಬ್ಬಿಣದ ಬಳೆಯನ್ನು ತಳ್ಳುತ್ತಾ ಇದೆ ಅಂತ ಲೆಕ್ಕ. ಆ ಬಳೆ ತಪ್ಪಿದರೆ ಎದುರು ಬಗ್ಗಿ ಕೂತವನ ಗತಿ ಏನು? ಹಾರಿದ ರಿಂಗ್ ತಲೆಗೆ, ಎದೆಗೆ, ಕೈಗೆ ಬಡಿಯುತ್ತದೆ. ಓಡಲು ಸಮಯ ಸಿಗುವುದಿಲ್ಲ.

ರಿಂಗ್ ತಪ್ಪುವುದಕ್ಕೆ ಕಾರಣಗಳು ಉಂಟು. ಮೊದಲನೆಯದು ತುಕ್ಕು. ನಮಗೆ ಇದು ಹೆಚ್ಚು. ಪಶ್ಚಿಮಕ್ಕೆ ಕಡಲು, ಗಾಳಿಯಲ್ಲೇ ಉಪ್ಪು. ಮೀನು ಲಾರಿಯಿಂದ ಸೋರುವ ಉಪ್ಪುನೀರು ರಸ್ತೆಯಲ್ಲೆಲ್ಲ ಬೀಳುತ್ತದೆ, ಆ ಲಾರಿಯ ಡಿಸ್ಕಿನ ಮೇಲೂ ಬೀಳುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಕೆಲವು ಲಾರಿಗಳು ಮಳೆಯಲ್ಲಿ ನಿಂತೇ ಇರುತ್ತವೆ. ರಿಂಗ್ ಕೂರುವ ಕಚ್ಚಿನಲ್ಲಿ ತುಕ್ಕು ಪದರ ಕಟ್ಟಿದರೆ ರಿಂಗ್ ಪೂರ್ತಿ ಇಳಿಯುವುದಿಲ್ಲ. ಹೊರಗಿಂದ ನೋಡುವಾಗ ಕೂತ ಹಾಗೆ ಕಾಣುತ್ತದೆ, ಅಷ್ಟೆ.

ಎರಡನೆಯದು ಜೋಡಿ ತಪ್ಪುವುದು. ಗುಜರಿಯಿಂದ ಒಂದು ರಿಂಗ್ ತಂದು ಬೇರೆ ಡಿಸ್ಕಿಗೆ ಹಾಕುತ್ತಾರೆ. ಸೈಜ್ ಒಂದೇ ಕಂಡರೂ ಕಚ್ಚಿನ ಆಕಾರ ಬೇರೆ ಇರಬಹುದು. ಮೂರನೆಯದು ಬಗ್ಗಿದ, ಬಿರುಕು ಬಿಟ್ಟ ರಿಂಗನ್ನು ಬಡಿದು ಸರಿ ಮಾಡಿ ಹಾಕುವುದು. ನಾಲ್ಕನೆಯದು ಗಾಳಿ ಇಳಿದ ಟಯರಿನಲ್ಲೇ ಲಾರಿ ಓಡಿಸಿ, ಬಿಚ್ಚಿ ನೋಡದೆ ಹಾಗೆಯೇ ಗಾಳಿ ತುಂಬಿಸುವುದು. ಗಾಳಿ ಕಡಿಮೆ ಇದ್ದಾಗ ರಿಂಗ್ ಜಾಗ ಬಿಟ್ಟಿರುತ್ತದೆ. ಅದು ಯಾರಿಗೂ ಕಾಣುವುದಿಲ್ಲ.

ಈ ಅಪಾಯ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದಲ್ಲಿಯೂ ಗಾಳಿ ಹಾಕುವವರು ಸತ್ತು, ಕೈಕಾಲು ಕಳಕೊಂಡ ನಂತರ ಅಲ್ಲಿನ ಸರಕಾರ 1980ರಲ್ಲಿ ಈ ರಿಂಗ್ ಚಕ್ರಗಳ ಕೆಲಸಕ್ಕೇ ಪ್ರತ್ಯೇಕ ನಿಯಮ ಮಾಡಿತು. 1984ರಲ್ಲಿ ಒಂದೇ ತುಂಡಿನ ದೊಡ್ಡ ಚಕ್ರಗಳನ್ನೂ ಅದಕ್ಕೆ ಸೇರಿಸಿದರು. ಆ ನಿಯಮದ ಸಾರ ನಮ್ಮ ಪಂಕ್ಚರ್ ಅಂಗಡಿಯಲ್ಲಿಯೂ ಮಾಡಬಹುದಾದದ್ದೇ. ನಮ್ಮ ಭಾಷೆಯಲ್ಲಿ ಹೇಳುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ.

ಒಂದು, ರಿಂಗಿಗೆ ಲಿವರ್ ತಾಗಿಸುವ ಮೊದಲು ವಾಲ್ವಿನ ಪಿನ್ ಬಿಚ್ಚಿ ಗಾಳಿ ಪೂರ್ತಿ ಬಿಡಬೇಕು. ಸುಂಯ್ ಅನ್ನುವ ಶಬ್ದ ನಿಂತರೆ ಸಾಲದು. ವಾಲ್ವಿನೊಳಗೆ ಒಂದು ತಂತಿ ತೂರಿಸಿ ಕಸ ಕಟ್ಟಿಲ್ಲ ಅಂತ ನೋಡಬೇಕು.

ಎರಡು, ಡಿಸ್ಕಿಗೆ ಪೆಟ್ಟಾದ ಸಂಶಯ ಇದ್ದರೆ ಚಕ್ರವನ್ನು ಲಾರಿಯಿಂದ ಕಳಚುವ ಮೊದಲೇ ಗಾಳಿ ಬಿಡಬೇಕು. ಹಿಂದಿನ ಜೋಡಿ ಚಕ್ರ ಆದರೆ ಎರಡರದ್ದೂ ಬಿಡಬೇಕು. ವೀಲ್ ನಟ್ಟು ಸಡಿಲ ಮಾಡುವಾಗ ಒಡೆದ ಡಿಸ್ಕ್ ಹಾರುವುದುಂಟು.

ಮೂರು, 100 ಪೌಂಡ್ ಬೇಕಾದ ಟಯರು 80 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ್ದರೆ, ಬಿಚ್ಚಿ ನೋಡದೆ ಗಾಳಿ ತುಂಬಿಸಬಾರದು.

ನಾಲ್ಕು, ರಿಂಗ್ ಮತ್ತು ಕಚ್ಚನ್ನು ತಂತಿ ಬ್ರಶ್ಶಿನಿಂದ ಉಜ್ಜಿ ತುಕ್ಕು ತೆಗೆಯಬೇಕು. ಬಿರುಕು, ಬಗ್ಗು ಕಂಡರೆ ಗುಜರಿಗೆ ಹಾಕಬೇಕು. ವೆಲ್ಡಿಂಗ್ ಮಾಡಿ ಉಪಯೋಗಿಸಬಾರದು. ಟಯರು ಇರುವಾಗಲೇ ಡಿಸ್ಕಿಗೆ ವೆಲ್ಡಿಂಗ್ ಮಾಡುವುದಂತೂ ಬೇಡವೇ ಬೇಡ. ಆ ಬಿಸಿಗೆ ಒಳಗಿನ ರಬ್ಬರ್ ಕಾದು ಟಯರೇ ಸಿಡಿಯುತ್ತದೆ.

ಐದು, ಗಾಳಿ ತುಂಬಿಸುವಾಗ ಚಕ್ರ ಕಬ್ಬಿಣದ ಗೂಡಿನೊಳಗೆ ಇರಬೇಕು. ಪೈಪಿನ ತುದಿಯಲ್ಲಿ ವಾಲ್ವಿಗೆ ಕಚ್ಚಿ ನಿಲ್ಲುವ ಕ್ಲಿಪ್ ಇರಬೇಕು. ಗೇಜ್ ಮತ್ತು ವಾಲ್ವ್ ದೂರದಲ್ಲಿರಬೇಕು. ಆಗ ಕೈಯಲ್ಲಿ ಹಿಡಿದು ಎದುರು ಕೂರುವ ಕೆಲಸ ಇಲ್ಲ. ಚೈನ್ ಸುತ್ತಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಗೂಡಿಗೆ ಅದು ಬದಲಿ ಅಲ್ಲ.

ಆರು, ಗಾಳಿ ಇರುವಾಗ ರಿಂಗಿಗೆ ಸುತ್ತಿಗೆಯಿಂದ ಬಡಿಯಲೇಬಾರದು. ರಿಂಗ್ ಸ್ವಲ್ಪ ಎದ್ದು ನಿಂತಿದೆ, ಒಂದು ಪೆಟ್ಟು ಕೊಟ್ಟರೆ ಕೂರುತ್ತದೆ ಅಂತ ಕಂಡರೂ ಗಾಳಿ ಪೂರ್ತಿ ಬಿಟ್ಟು ಮೊದಲಿಂದ ಶುರು ಮಾಡಬೇಕು.

ಏಳು, ಸುತ್ತ ನಿಂತು ನೋಡುವವರು ದೂರ ಇರಬೇಕು. ರಿಂಗ್ ಯಾವಾಗಲೂ ನೇರ ಹಾರುವುದಿಲ್ಲ, ಓರೆಯಾಗಿಯೂ ಹಾರುತ್ತದೆ. ಶಾಲೆ ಬಿಟ್ಟು ಹೋಗುವ ಮಕ್ಕಳು ನಿಂತು ನೋಡುವ ಅಭ್ಯಾಸ ಉಂಟಲ್ಲ, ಅದನ್ನು ದೊಡ್ಡವರು ತಪ್ಪಿಸಬೇಕು.

ಇದನ್ನು ಕೇಳಿ ಲಾರಿ ಇಲ್ಲದವರು ನಮಗೆ ಸಂಬಂಧ ಇಲ್ಲ ಅಂತ ಎದ್ದು ಹೋಗಬೇಡಿ. ಹಳೆ ಬಜಾಜ್ ಚೇತಕ್ ಸ್ಕೂಟರ್, ರಿಕ್ಷಾ ಇವುಗಳ ಚಕ್ರವೂ ಎರಡು ಭಾಗ ಸೇರಿಸಿ ಮಾಡಿದ್ದೇ. ಅಲ್ಲಿ ಎರಡು ಭಾಗವನ್ನು ನಟ್ಟು ಹಿಡಿದಿರುತ್ತದೆ. ಚಕ್ರವನ್ನು ಗಾಡಿಗೆ ಹಿಡಿಯುವ ನಟ್ಟು ಬೇರೆ, ಎರಡು ಭಾಗ ಸೇರಿಸುವ ನಟ್ಟು ಬೇರೆ. ಗಾಳಿ ಇರುವಾಗ ಎರಡನೆಯದನ್ನು ಬಿಚ್ಚಿದರೆ ಮುಖಕ್ಕೆ ಸಿಡಿಯುತ್ತದೆ. ಗಾತ್ರ ಸಣ್ಣದು, ತತ್ವ ಒಂದೇ.

ಇನ್ನು ಲಾರಿ ಮಾಲಕರ ಪ್ರಶ್ನೆಗೆ ಬರುತ್ತೇನೆ. ಈ ಚಕ್ರ ತೆಗೆದು ಟ್ಯೂಬ್‌ಲೆಸ್ ಹಾಕಿಸಿದರೆ ಆಗುವುದಿಲ್ಲವಾ? ಟ್ಯೂಬ್‌ಲೆಸ್ ಚಕ್ರದ ಡಿಸ್ಕ್ ಒಂದೇ ತುಂಡು, ಹಾರಲು ರಿಂಗೇ ಇಲ್ಲ. ಮೊಳೆ ಹೊಕ್ಕರೂ ಹೆಚ್ಚಾಗಿ ಗಾಳಿ ನಿಧಾನ ಇಳಿಯುತ್ತದೆ. ಟ್ಯೂಬು, ಫ್ಲಾಪು ಇಲ್ಲದ ಕಾರಣ ಬಿಸಿಯೂ ಕಡಿಮೆ. ಹೊಸ ಲಾರಿ ತೆಗೆಯುವವರು, ದಿನಾ ದೂರ ಓಡಿಸುವವರು ಅದನ್ನೇ ಆರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಆದರೆ ಹಳೆ ಲಾರಿಗೆ ಲೆಕ್ಕ ಬೇರೆ. 20 ಇಂಚಿನ ಹಳೆ ಡಿಸ್ಕಿಗೆ 22.5 ಇಂಚಿನ ಟ್ಯೂಬ್‌ಲೆಸ್ ಟಯರು ಕೂರುವುದಿಲ್ಲ. ಟಯರಿನ ಜತೆ ಡಿಸ್ಕೂ ಹೊಸತು ಬೇಕು, ಬೋಲ್ಟಿನ ತೂತು ಹೊಂದಬೇಕು, ಸ್ಟೆಪ್ನಿಯೂ ಅದೇ ಬೇಕು. ಟಯರು ಬಿಚ್ಚಲು ಮೆಷಿನ್ ಇರುವ ಅಂಗಡಿ ಹುಡುಕಬೇಕು. ಇನ್ನು ಎರಡು ಮೂರು ವರ್ಷ ಮಾತ್ರ ಓಡುವ, ಊರೊಳಗೆ ಕಲ್ಲು, ಗೊಬ್ಬರ ಹೊರುವ ಲಾರಿಗೆ ಅಷ್ಟು ಹಣ ಸುರಿದರೆ ಹುಟ್ಟುವಳಿ ಆಗಲಿಕ್ಕಿಲ್ಲ. ಅಂಥವರು ಇದ್ದ ಚಕ್ರವನ್ನೇ ಸರಿಯಾಗಿ ಇಟ್ಟುಕೊಳ್ಳಲಿ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಕೂಡಲೇ ಎಲ್ಲ ಡಿಸ್ಕು, ರಿಂಗು ಬಿಚ್ಚಿಸಿ, ಉಜ್ಜಿಸಿ, ಬಣ್ಣ ಹೊಡೆಸಲಿ. ಹಾಳಾದ ರಿಂಗ್ ಬದಲಿಸುವ ಖರ್ಚು ಒಂದು ಜೀವಕ್ಕೆ ಸಮ ಅಲ್ಲ. ಟ್ಯೂಬ್‌ಲೆಸ್ ಹಾಕಿಸಿದವರೂ ಮೈಮರೆಯುವ ಹಾಗಿಲ್ಲ. ಗಾಳಿ ಇಳಿದು ಓಡಿದ ಟಯರು ಯಾವುದೇ ಆಗಲಿ, ತುಂಬಿಸುವಾಗ ಬದಿ ಹರಿದು ಸಿಡಿಯಬಹುದು. ಅವರಿಗೂ ಗೂಡು ಬೇಕು.

ನನ್ನ ಮುಖ್ಯ ಮಾತು ಇನ್ನು ಉಂಟು. ಲಾರಿ ಯಾರದ್ದೋ, ಲೋಡು ಯಾರದ್ದೋ, ಆದರೆ ರಿಂಗಿನ ಎದುರು ಕೂರುವವನು ಪಂಕ್ಚರ್ ಅಂಗಡಿಯ ಹುಡುಗ. ಅವನಿಗೆ ಸಿಗುವುದು ಒಂದು ಚಕ್ರದ ಕೂಲಿ. "ಬೇಗ ಮಾಡು ಮಾರಾಯಾ, ಲೋಡು ನಿಂತಿದೆ" ಅಂತ ಅವನನ್ನು ಗಡಿಬಿಡಿ ಮಾಡುವವರು ನಾವು. "ಈ ರಿಂಗ್ ಸರಿ ಇಲ್ಲಣ್ಣ" ಅಂತ ಅವನು ಹೇಳಿದರೆ, "ಇದೊಂದು ಸಲ ಹಾಕು, ಮುಂದಿನ ಸಲ ನೋಡುವ" ಅನ್ನುವವರೂ ನಾವೇ. ಇಲ್ಲ ಅಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ ಅಂತ ಅವನಿಗೆ ಹೆದರಿಕೆ. ಹಾಗಾಗಿ ಜಾಗ್ರತೆ ಮಾಡಬೇಕಾದದ್ದು ಅವನೊಬ್ಬನೇ ಅಂತ ಹೇಳುವುದು ನ್ಯಾಯ ಅಲ್ಲ. ರಿಂಗ್ ಬದಲಿಸುವ ಹಣ ಇರುವುದು ಮಾಲಕನ ಕೈಯಲ್ಲಿ. ಅರ್ಧ ಗಂಟೆ ಕಾಯುವ ತಾಳ್ಮೆ ಇರಬೇಕಾದದ್ದು ಡ್ರೈವರಿಗೆ.

ಬೆಳ್ಳಿಹಬ್ಬದ ವರ್ಷದಲ್ಲಿ ಸಂಘದ ಆಡಳಿತ ಮಂಡಳಿಯ ಮುಂದೆ, ನಾನೂ ಅದರಲ್ಲಿ ಒಬ್ಬನಾಗಿ, ಮೂರು ಬೇಡಿಕೆ ಇಡುತ್ತೇನೆ. ಪಂಕ್ಚರ್ ಅಂಗಡಿ ಇರುವ ಸದಸ್ಯರಿಗೆ ಗೂಡು, ಉದ್ದದ ಪೈಪು, ಕ್ಲಿಪ್, ಗೇಜ್ ತೆಗೆಯಲು ಸಣ್ಣ ಸಾಲ ಕೊಡುವ. ಗೂಡು ತೆಗೆಯುವಾಗ ಇದೇ ಕೆಲಸಕ್ಕೆ ಮಾಡಿದ, ಗಟ್ಟಿ ಇರುವುದನ್ನೇ ತೆಗೆಯಲಿ. ಎರಡನೆಯದು, ಸಂಘದ ಗೋದಾಮಿಗೆ ಸರಕು ತರುವ ಲಾರಿಯನ್ನು ಬಾಡಿಗೆಗೆ ಗೊತ್ತು ಮಾಡುವಾಗ ಬಾಡಿಗೆ ದರದ ಜತೆ ಚಕ್ರದ ಸ್ಥಿತಿಯನ್ನೂ ಕೇಳುವ. ಮೂರನೆಯದು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಉಂಟು. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಅಂಗಡಿಯ ಹುಡುಗರು, ಕ್ಲೀನರುಗಳು ಇದರ ಫಾರ್ಮ್ ತುಂಬಿದ್ದಾರಾ ಅಂತ ನಮ್ಮ ಸಿಬ್ಬಂದಿ ವಿಚಾರಿಸಲಿ. ಎರಡು ಲಕ್ಷದಿಂದ ಹೋದ ಮಗ ಬರುವುದಿಲ್ಲ, ನಿಜ. ಆದರೆ ಮನೆಯ ಒಲೆ ಆರದ ಹಾಗೆ ಸ್ವಲ್ಪ ಆಧಾರ ಆದೀತು.

ನಮ್ಮ ಜಿಲ್ಲೆಗಳಲ್ಲಿ ಸಹಕಾರಿ ಚಳವಳಿಯನ್ನು ಬೆಳೆಸಿದ ಮೊಳಹಳ್ಳಿ ಶಿವರಾಯರ ಹೆಸರನ್ನು ಇಂಥ ಸಮಾರಂಭದಲ್ಲಿ ನಾವು ನೆನೆಯುತ್ತೇವೆ. ಒಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡುವುದೇ ಸಹಕಾರ. ಒಂದು ಗೂಡು ತೆಗೆಯುವುದು ಸಣ್ಣ ಅಂಗಡಿಯವನಿಗೆ ಕಷ್ಟ, ಸಂಘಕ್ಕೆ ಕಷ್ಟ ಅಲ್ಲ. ಮುಂದಿನ ಮಹಾಸಭೆಯ ಒಳಗೆ ನಮ್ಮ ವ್ಯಾಪ್ತಿಯ ಪ್ರತಿಯೊಂದು ಪಂಕ್ಚರ್ ಅಂಗಡಿಯಲ್ಲಿ ಗೂಡು ನಿಂತಿರಬೇಕು ಅಂತ ನನ್ನ ಆಸೆ.

 ಜೈ ಸಹಕಾರ.