ಗಂಜಾಂನ ಅಬ್ಬೆ

ಮೊನ್ನೆ ಶ್ರೀರಂಗಪಟ್ಟಣದ ನಿಮಿಷಾಂಬ ದೇವಸ್ಥಾನಕ್ಕೆ ಹೋಗುವಾಗ ಜೊತೆಗಿದ್ದ ಪುತ್ತೂರಿನ ಹುಡುಗಿ ಗಂಜಾಂನ ಚರ್ಚಿನ ಹೆಸರು ಕೇಳಿ ಕಿಸಕ್ಕನೆ ನಕ್ಕಳು. ಅಬ್ಬೆ ದುಬಾಯ್ ಚರ್ಚು. ಹವ್ಯಕರ ಮನೆಯ ಮಗು. ಅವಳಿಗೆ ಅಬ್ಬೆ ಅಂದರೆ ಹೆತ್ತಮ್ಮ. "ಗಂಡಸರನ್ನೂ ಅಬ್ಬೆ ಅಂತಾರಾ ಇಲ್ಲಿ?"

ಆ ಅಬ್ಬೆ ಬೇರೆ. ಏಸುವಿನ ಆಡುಮಾತಾದ ಅರಮಾಯಿಕ್‌ನಲ್ಲಿ ಅಬ್ಬಾ ಅಂದರೆ ಅಪ್ಪ. ಗ್ರೀಕು, ಲ್ಯಾಟಿನ್ ದಾಟಿ ಬಂದು ಮಠದ ಹಿರಿಯನಿಗೆ ಅದೇ ಹೆಸರಾಯಿತು. ಇಂಗ್ಲಿಷಿನಲ್ಲಿ ಅವನು ಅಬಟ್, ಅವನ ಮಠ ಅಬಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ಕೂತಿರುವವನೂ ಅದೇ ಅಪ್ಪ. ಫ್ರಾನ್ಸಿನಲ್ಲಂತೂ ಮಠ ಇರಲಿ ಬಿಡಲಿ, ಪಾದ್ರಿಯ ನಿಲುವಂಗಿ ತೊಟ್ಟವರೆಲ್ಲ ಅಬ್ಬೆಗಳಾದರು. ನಮ್ಮಲ್ಲಿ ಐನೋರು ಅನ್ನುವುದು ಪೂಜೆಯವರಿಂದ ಮೇಷ್ಟ್ರವರೆಗೂ ಹರಡಿಲ್ಲವೇ, ಹಾಗೆ.

ಅತ್ತಿಮಬ್ಬೆಯ ಹೆಸರಲ್ಲಿರುವ ನಮ್ಮ ಅಬ್ಬೆಗೂ ಇದಕ್ಕೂ ನಂಟಿಲ್ಲ. ಅವಳು ನಾಗಮಂಗಲ, ಕೆ.ಆರ್.ಪೇಟೆಯ ಅವ್ವನ ಕಡೆಯವಳು. ಎಳೆಗೂಸು ತುಟಿ ಕೂಡಿಸಿ ಬಿಟ್ಟರೆ ಬರುವ ಸದ್ದು ತಾನೇ. ಅಲ್ಲಿ ಅಪ್ಪ ಓಡಿ ಬಂದಿರಬೇಕು, ಇಲ್ಲಿ ಅವ್ವ.

ಚರ್ಚಿಗೆ ಹೆಸರಾದ ಫ್ರೆಂಚ್ ಪಾದ್ರಿ ದುಬಾಯ್ ಭಾರತಕ್ಕೆ ಬಂದದ್ದು 1792ರಲ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಪಟ್ಟಣಕ್ಕೆ ಬಂದವರು, 1823ರವರೆಗೂ ಈ ದೇಶ ಬಿಡಲಿಲ್ಲ. ನಮ್ಮವರಂತೆಯೇ ಉಟ್ಟು, ನಮ್ಮವರಂತೆಯೇ ಉಂಡು ಬದುಕಿದರು. ನಮ್ಮ ಆಚಾರಗಳ ಮೇಲೆ ಅವರು ಬರೆದದ್ದನ್ನು ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡಿತು. ಅದರಲ್ಲಿ ಬಹುಪಾಲು ಹಿಂದಿನ ಪಾದ್ರಿಯೊಬ್ಬರ ಬರಹದಿಂದ ಎತ್ತಿದ್ದು ಅಂತ ವಿದ್ವಾಂಸರು ಈಚೆಗೆ ತೋರಿಸಿದ್ದಾರೆ. ಇರಲಿ ಬಿಡಿ. ನನಗೆ ಆ ಪುಸ್ತಕಕ್ಕಿಂತ ಅವರು ಹಾಕಿಸಿದ ದಾಕು ದೊಡ್ಡದು.

ಜೆನ್ನರನ ಸಿಡುಬಿನ ಲಸಿಕೆ ಭಾರತ ಮುಟ್ಟಿದ್ದು 1802ರಲ್ಲಿ. ಅದಾಗಿ ಒಂದೆರಡು ವರ್ಷಕ್ಕೇ ಈ ಪಾದ್ರಿಯ ಲೆಕ್ಕದಲ್ಲಿ 25,000ಕ್ಕೂ ಮೇಲ್ಪಟ್ಟು ಜನ. ಆ ಕಾಯಿಲೆಯ ಹೆಸರು ಎತ್ತುವಂತಿರಲಿಲ್ಲ, ನೋಡಿ. ಅಮ್ಮ ಬಂದಿದ್ದಾಳೆ, ಬಾಗಿಲಿಗೆ ಬೇವು ಸಿಕ್ಕಿಸು, ಒಗ್ಗರಣೆ ಹಾಕಬೇಡ. ಅಂಥ ಅಮ್ಮನ ಎದುರಿಗೆ, ಹೆಸರಿನಲ್ಲೇ ಅಪ್ಪನನ್ನು ಹೊತ್ತ ಪರದೇಶಿ ಬಂದು ನಿಂತ.

ಜನ ಅವರನ್ನು ಅಬ್ಬೆ ಅನ್ನಲಿಲ್ಲವಂತೆ, ದೊಡ್ಡಸ್ವಾಮಿಗಳು ಅಂದರಂತೆ. ಮಕ್ಕಳ ತೋಳು ಹಿಡಿದುಕೊಟ್ಟ ಆ ಅವ್ವಂದಿರು ಮನಸ್ಸಿನಲ್ಲಿ ಏನೆಂದುಕೊಂಡರೋ, ನನ್ನ ಕುತೂಹಲವೆಲ್ಲ ಅದೇ. ಮೊದಲು ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿಕೊಂಡು, ಆಮೇಲೆ ಸ್ವಾಮಿಗಳ ಹತ್ತಿರ ಬಂದಿರಬೇಕು. ನಮ್ಮ ಜನ ಅಲ್ಲವೇ.