ಚಿಪ್ಪಿನೊಳಗಿನ ನೀರಿನ ಲೆಕ್ಕ



ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ಕಾರವಾರದ ಸದಾಶಿವಗಡದ ಬಳಿ ಕಡಲನ್ನು ಸೇರುತ್ತದೆ. ಘಟ್ಟದ ಮೇಲೆ ಬೇಡ್ತಿ ಎನಿಸಿಕೊಂಡ ಹೊಳೆ ಅಂಕೋಲಾ ಸೀಮೆಯಲ್ಲಿ ಗಂಗಾವಳಿಯಾಗಿ ಮಂಜುಗುಣಿಯಲ್ಲಿ ಸಮುದ್ರಕ್ಕಿಳಿಯುತ್ತದೆ. ಗಣಿಯ ಮಣ್ಣು, ಪೇಟೆಯ ಕೊಳಚೆ, ಕಾರ್ಖಾನೆಯ ತ್ಯಾಜ್ಯ ಯಾವುದೇ ಹೊಳೆಗೆ ಬಿದ್ದರೂ ಅದರ ದಾರಿ ಅಳಿವೆಯ ಕಡೆಗೇ. ಅದರಲ್ಲಿ ಪಾದರಸ, ಸೀಸ, ಕ್ಯಾಡ್ಮಿಯಂಗಳಿದ್ದರೆ ಅವು ಕೊಳೆತು ನಾಶವಾಗುವುದಿಲ್ಲ. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ತಿಳಿಯುವುದೂ ಇಲ್ಲ.

ಜಪಾನಿನ ಮಿನಾಮಾಟಾದಲ್ಲಿ ಮೀನು ತಿಂದ ಬೆಕ್ಕುಗಳು ಮೊದಲು ನಡುಗಿ ಸತ್ತವು. ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಕಾರ್ಖಾನೆ ಪಾದರಸ ಹರಿಸುವುದನ್ನು ನಿಲ್ಲಿಸಿದ್ದು 1968ರಲ್ಲಿ. ಜೀವಿಗಳು ಕೊಟ್ಟ ಮುನ್ಸೂಚನೆಯನ್ನು ಕಡೆಗಣಿಸಿದ ಫಲವದು.

ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ನಿನ್ನೆ ರಾತ್ರಿ ಹರಿದುಹೋದದ್ದು ಅದರಲ್ಲಿರದು. ಬಂಡೆಗೆ ಅಂಟಿ ಬದುಕುವ ನೀಲಿಕಲ್ಲು, ಕಲ್ವಗಳ ಸಂಗತಿ ಬೇರೆ. ಅವು ಊರು ಬಿಟ್ಟು ಹೋಗುವುದಿಲ್ಲ. ಹಗಲಿರುಳು ನೀರು ಸೋಸಿ ಆಹಾರ ಪಡೆಯುವಾಗ ಲೋಹದ ಕಣಗಳೂ ಒಳಸೇರುತ್ತವೆ. ದೇಹದ ಕೆಲವು ಪ್ರೋಟೀನುಗಳು ಆ ಲೋಹವನ್ನು ಹಿಡಿದಿಡುತ್ತವೆ. ಹೀಗೆ ನೀರಿನಲ್ಲಿ ಅಳತೆಗೆ ಸಿಗದಷ್ಟು ಅಲ್ಪವಾದ ಲೋಹವೂ ಮಾಂಸದಲ್ಲಿ ಸಾವಿರಾರು ಪಟ್ಟು ಸಾಂದ್ರವಾಗಿ, ತಿಂಗಳುಗಳ ಲೆಕ್ಕವಾಗಿ ಉಳಿಯುತ್ತದೆ. ಈ ಗುಣವನ್ನು ಆಧರಿಸಿಯೇ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಚಿಪ್ಪುಜೀವಿಗಳ ಮೂಲಕ ಕಡಲನ್ನು ಕಾಯುವ ಯೋಜನೆಯನ್ನು ಮುಂದಿಟ್ಟರು. 1986ರಲ್ಲಿ ಅಮೆರಿಕ ತನ್ನ ಕರಾವಳಿಯುದ್ದಕ್ಕೂ ಅಂಥ ಕಾರ್ಯಕ್ರಮವನ್ನು ಆರಂಭಿಸಿತು.

ಆದರೆ ಎಲ್ಲ ಜೀವಿಗಳೂ ಒಂದೇ ಬಗೆಯ ಸಾಕ್ಷಿಗಳಲ್ಲ. ಕಡಲಪಾಚಿ ನೀರಿನಲ್ಲಿ ಕರಗಿದ ಲೋಹವನ್ನು ಮಾತ್ರ ಹೀರುತ್ತದೆ. ಚಿಪ್ಪುಜೀವಿ ಕೆಸರಿನ ಕಣಗಳಲ್ಲಿರುವುದನ್ನೂ ನುಂಗುತ್ತದೆ. ನೀಲಿಕಲ್ಲು ತನ್ನ ಮೈಯ ಸತುವನ್ನು ಬಹುಮಟ್ಟಿಗೆ ತಾನೇ ಹತೋಟಿಯಲ್ಲಿಡುತ್ತದೆ. ಆದ್ದರಿಂದ ಸತುವಿಗೆ ಕಲ್ವವೇ ಉತ್ತಮ ಸಾಕ್ಷಿ. ಮಳೆಗಾಲದ ಸಿಹಿನೀರು, ಮೊಟ್ಟೆಯಿಡುವ ಕಾಲ, ಜೀವಿಯ ಗಾತ್ರ ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆ. ಒಂದೇ ಗಾತ್ರದವನ್ನು, ಒಂದೇ ಋತುವಿನಲ್ಲಿ, ಅದೇ ಸ್ಥಳಗಳಿಂದ ವರ್ಷವರ್ಷವೂ ಆಯ್ದು ಪರೀಕ್ಷಿಸಿದರೆ ಮಾತ್ರ ಲೆಕ್ಕ ನಂಬಿಕೆಗೆ ಅರ್ಹ. ಒಂದು ಬಾರಿಯ ಹೆಚ್ಚಿನ ಅಂಕಿ ಎಚ್ಚರಿಕೆಯ ಗಂಟೆಯೇ ಹೊರತು ತೀರ್ಪಲ್ಲ. ಅದನ್ನು ಹಿಡಿದು ಗುಲ್ಲೆಬ್ಬಿಸಿದರೆ ಚಿಪ್ಪು ಆಯ್ದು ಮಾರುವ ಬಡ ಹೆಂಗಸರ ಅನ್ನಕ್ಕೆ ಕಲ್ಲು ಬೀಳುತ್ತದೆ. ಮುಚ್ಚಿಟ್ಟರೆ ಅದನ್ನು ತಿನ್ನುವವರ ಆರೋಗ್ಯಕ್ಕೆ ಕುತ್ತು.

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸುವವರೆಗೆ ಅಂಕೋಲಾದ ಬೇಲೆಕೇರಿಯಿಂದ ಕಬ್ಬಿಣದ ಅದಿರು ಹಡಗೇರುತ್ತಿತ್ತು. 2023ರಲ್ಲಿ ಸಮೀಪದ ಕೇಣಿಯಲ್ಲಿ ಹೊಸ ಬಂದರಿನ ಯೋಜನೆಯನ್ನು ಖಾಸಗಿ ಕಂಪನಿಗೆ ವಹಿಸಲಾಯಿತು. ಯಾವುದೇ ಯೋಜನೆಯ ಪರಿಣಾಮವನ್ನು ಅಳೆಯಬೇಕಾದರೆ ಅದಕ್ಕಿಂತ ಮೊದಲಿನ ಸ್ಥಿತಿ ದಾಖಲಾಗಿರಬೇಕು. ಹಾನಿಯಾದ ಮೇಲೆ ತೆರೆದ ಲೆಕ್ಕದ ಪುಸ್ತಕದಲ್ಲಿ ಮೊದಲ ಪುಟವೇ ಇರುವುದಿಲ್ಲ.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ದಶಕಗಳಿಂದ ಅಧ್ಯಯನ ನಡೆಸಿದೆ. ಮೀನುಗಾರರು ಬಂಡೆಗಳನ್ನು ಬಲ್ಲರು, ವಿದ್ಯಾರ್ಥಿಗಳು ಅಳೆದು ಬರೆದಿಡಬಲ್ಲರು, ಪ್ರಯೋಗಾಲಯ ಲೋಹವನ್ನು ಗುರುತಿಸಬಲ್ಲದು. ಘಟ್ಟದ ಮೇಲಿನವರು ಹೊಳೆಗೆ ಏನು ಸೇರುತ್ತಿದೆಯೆಂದು ಕಾಯಬಲ್ಲರು. ಈ ನಾಲ್ವರೂ ಕೂಡಿದಾಗಲೇ ಚಿಪ್ಪಿನ ಸಾಕ್ಷಿಗೆ ಬೆಲೆ.